ಕರುಳುಬೇನೆಯ ಮುಂಗಾರು

ನೆನೆದ ಗೋವಿನಜೋಳದ ವಾಸನೆ ನನಗಾಗದು. ಕಳೆದ ವಾರ ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಾಗ ಡಾಂಬರು ರಸ್ತೆಯ ಅರ್ಧವನ್ನು ರೈತರು ಕಾಳು ಒಣಹಾಕಲು ಹಿಡಿದಿದ್ದರು. ಹಿಂದಿನ ಸಂಜೆಯ ಅಡ್ಡಮಳೆಗೆ ರಾಶಿ ತೊಯ್ದು, ತಾಡಪತ್ರಿಯ ಅಡಿಯಲ್ಲಿ ಬೆವೆತು, ಹುಳಿ ಹುಳಿ ವಾಸನೆ ಎದ್ದಿತ್ತು. ಉಳಿದವರಿಗೆ ಅದು ಸುಗ್ಗಿಯ ವಾಸನೆ ಇರಬಹುದು. ನನಗೆ ಅದು ಹೊಟ್ಟೆ ಕೊಯ್ದ ಕುರಿಯ ವಾಸನೆ. ಕಾರಿನ ಗಾಜು ಏರಿಸಿದೆ, ದುಪಟ್ಟಾದಿಂದ ಮೂಗು ಬಿಗಿದು ಕಟ್ಟಿದೆ, ಆದರೂ ಗಂಟಲಿಗೆ ವಾಕರಿಕೆ ಬಂದು ನಿಂತಿತು. ಮುಂದೆ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ನೀರು ಕುಡಿದೆ.

ನಾನು ಪಶುವೈದ್ಯೆ. ಕೂದಲು ನೆರೆಯುವಷ್ಟು ವರ್ಷ ಇದೇ ಕೆಲಸ. ಸಗಣಿ, ಕೀವು, ಹೊಟ್ಟೆಯಲ್ಲೇ ಸತ್ತು ಕೊಳೆತ ಕರು, ಹುಳು ಬಿದ್ದ ಗಾಯ, ಎಲ್ಲದರಲ್ಲೂ ಮೊಣಕೈವರೆಗೆ ಕೈಹಾಕಿ, ಅದೇ ಕೈ ತೊಳೆದುಕೊಂಡು ರೊಟ್ಟಿ ಮುರಿದು ತಿಂದವಳು. ಹಾಗಾಗಿ ನನಗೆ ಹೇಸಿಗೆಯೇ ಇಲ್ಲ ಎಂದು ಜನ ತಿಳಿದಿದ್ದಾರೆ. ಇದೆ ಸ್ವಾಮಿ, ಬೇಕಾದಷ್ಟಿದೆ. ಅದು ಯಾವುದರ ಮೇಲೆ, ಯಾರ ಮೇಲೆ ಎಂಬುದು ಬಹಳ ವರ್ಷದ ಹಿಂದೆ ಮೂಡಲಗಿ ಸೀಮೆಯ ಒಂದು ಮುಂಗಾರಿನಲ್ಲಿ ನನಗೆ ಖಚಿತವಾಯಿತು.

ಆ ವರ್ಷ ನಾನು ಮೇಲಿನ ಓದು ಮುಗಿಸಿ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಾನು ಓದಿದ್ದು ಕುರಿಯ ಸಣ್ಣ ಕರುಳಿನ ಒಳಗೋಡೆಯ ಬಗ್ಗೆ. ನಗುವವರು ನಗಲಿ. ನನ್ನ ಅವ್ವನೇ ನಕ್ಕಿದ್ದಳು. ಹುಕ್ಕೇರಿಯ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿಯ ಮನೆತನ. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಯಾಗದೆ ಅವ್ವ ಚಹಾ ಕೂಡ ಕುಡಿಯುತ್ತಿರಲಿಲ್ಲ.

"ಕರುಳಿನ ಮ್ಯಾಲೆ ಸಾಲಿ ಕಲಿಯೋದು ಅಂದ್ರ ಏನವಾ ನೀಲಾ? ಕಣ್ಣಿನ ಮ್ಯಾಲೆ, ಕಿವಿ ಮ್ಯಾಲೆ ಕಲಿಯಾಕ ಬರತಿದ್ದಿಲ್ಲೇನ?" ಎಂದು ಕೇಳಿದ್ದಳು.

ಅವಳಿಗೇನು ಗೊತ್ತು. ಕರುಳೆಂದರೆ ನಮ್ಮ ಜನಕ್ಕೆ ಮಲದ ಕೊಳವೆ, ಅಷ್ಟೇ. ಅದರ ಒಳಗೋಡೆಯನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಬೆರಳುಗಳಂತೆ ಎದ್ದು ನಿಂತ ಸಾಲು. ಬೆರಳುಗಳ ಬುಡದಲ್ಲಿ ಆಳವಾದ ಕುಣಿಗಳು. ಬೆರಳಿನ ಮೈಮೇಲೆ ಅಲ್ಲಲ್ಲಿ ಬಟ್ಟಲಿನ ಆಕಾರದ ಕೋಶಗಳಿರುತ್ತವೆ. ಲೋಳೆ ತಯಾರಿಸಿ ಸುರಿಸುವುದು ಅವುಗಳ ಕೆಲಸ. ಆ ಲೋಳೆ ಒಳಗಿನ ಹೊಲಸಿಗೂ ಗೋಡೆಗೂ ನಡುವೆ ಹಾಸಿಕೊಂಡು ಒಂದಕ್ಕೊಂದು ತಾಗದಂತೆ ಇಡುತ್ತದೆ. ಕುಣಿಯ ತಳದಲ್ಲಿ ಇನ್ನೊಂದು ಬಗೆಯವು, ಪ್ಯಾನೆತ್ ಕೋಶಗಳು ಎನ್ನುತ್ತಾರೆ. ಬಣ್ಣ ಹಾಕಿದಾಗ ಅವುಗಳ ಒಡಲ ತುಂಬ ಕೆಂಪು ಕೆಂಪು ಕಾಳು ಕಾಣುತ್ತದೆ. ಆ ಕಾಳಿನಲ್ಲಿರುವುದು ರೋಗಾಣು ಕೊಲ್ಲುವ ರಸ. ರೋಗಾಣು ಹತ್ತಿರ ಸುಳಿದರೆ ರಸ ಚೆಲ್ಲುತ್ತವೆ, ಪಕ್ಕದಲ್ಲೇ ಹುಟ್ಟುತ್ತಿರುವ ಎಳೆಯ ಕೋಶಗಳನ್ನು ಕಾಯುತ್ತವೆ. ಇನ್ನು ಕೆಲವು ಕೋಶಗಳು ಬಂದ ಆಹಾರ ಎಂಥದ್ದೆಂದು ನೋಡಿ ಪಿತ್ತಕೋಶಕ್ಕೂ ಮೇದೋಜೀರಕಕ್ಕೂ ರಕ್ತದ ದಾರಿಯಲ್ಲಿ ಸುದ್ದಿ ಮುಟ್ಟಿಸುತ್ತವೆ. ಹೊರಗಿನಿಂದ ನೋಡಿದರೆ ಹೇಸಿಗೆ ಹುಟ್ಟಿಸುವ ಆ ಕೊಳವೆಯ ಒಳಗೆ ಇಷ್ಟು ಚೊಕ್ಕ ಕಾರಭಾರ. ನನಗೆ ಪ್ರಪಂಚದಲ್ಲಿ ಹೇಸಿಗೆಯಾಗದ ಜಾಗ ಅದೊಂದೇ ಎನಿಸಿಬಿಟ್ಟಿತ್ತು.

ವಾರಕ್ಕೊಮ್ಮೆ ಊರಿಗೆ ಹೋದರೆ ಅವ್ವ ನನ್ನನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಿಸಿನೀರಿನ ಬಕೆಟ್ಟು, ಪಕ್ಕದಲ್ಲಿ ಬೇವಿನ ಸೊಪ್ಪು, ಬೇರೆ ಸೀರೆ. ಒಮ್ಮೆ ಸಿಟ್ಟು ಬಂದು ಕೇಳಿಯೇಬಿಟ್ಟೆ.

"ನಮ್ಮಾಗ ಸೂತಕ ಇಲ್ಲ, ಮೈಲಿಗಿ ಇಲ್ಲ ಅಂತ ದಿನಾ ಹೇಳತಿ. ಮತ್ತ ಈ ಬಕೀಟ ಯಾಕಬೇ?"

"ಸೂತಕ ಇಲ್ಲವಾ. ನಾತ ಐತಿ," ಎಂದಳು ಅವ್ವ, ಮುಖ ಆಚೆ ತಿರುಗಿಸಿ.

ಅವ್ವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮೈ ತೊಳೆದುಕೊಂಡು ಒಳಗೆ ಹೋದೆ.

ಮೂಡಲಗಿ, ಕೌಜಲಗಿ ಸೀಮೆಯಲ್ಲಿ ಮುಂಗಾರು ಬಿತ್ತನೆಗೆ ಮೊದಲು ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿ ಇದೆ. ಕುರುಬರು ಹಿಂಡು ಹೊಡೆದುಕೊಂಡು ಬಂದು ಹೊಲದಲ್ಲಿ ಬಲೆ ಸುತ್ತಿ ರಾತ್ರಿ ಕುರಿ ಕೂಡುತ್ತಾರೆ. ಹಿಕ್ಕಿ, ಗಂಜಲ ಎರೆಮಣ್ಣಿಗೆ ಗೊಬ್ಬರ. ಅದಕ್ಕೆ ಬದಲಾಗಿ ಹೊಲದ ಒಡೆಯ ಕುರುಬರ ಮನೆಮಂದಿಗೆ ಜೋಳ, ಬೇಳೆ, ಎಣ್ಣೆ ಕೊಡುತ್ತಾನೆ. ಮನುಷ್ಯರಿಗೆ ಕೊಡುತ್ತಾನೆ, ಕುರಿಗಲ್ಲ. ಕುರಿ ತನ್ನ ಪಾಡಿಗೆ ಬದುವಿನ ಹುಲ್ಲು, ಹೊಲದ ಕಸ ಮೇದುಕೊಂಡಿರುತ್ತದೆ. ತಲೆತಲಾಂತರದಿಂದ ನಡೆದು ಬಂದ ಒಳ್ಳೆಯ ವ್ಯವಸ್ಥೆ. ಆ ವರ್ಷ ಲಕ್ಕಪ್ಪ ಎಂಬ ಕುರಿಗಾರನ ಹಿಂಡು ಗುರುಸಿದ್ದಪ್ಪ ಸಾವಕಾರರ ಹೊಲದಲ್ಲಿ ನಿಂತಿತ್ತು.

ಒಂದು ಮುಂಜಾನೆ ಲಕ್ಕಪ್ಪನ ಫೋನು ಬಂತು. ಗಂಡಸು ಅಳುತ್ತಿದ್ದ.

"ಬಾಯಾರ, ಲಗೂನ ಬರ್ರಿ. ಕುರಿ ಸಾಯಾಕತ್ತಾವ್ರಿ. ಬಡಕಲ ಕುರಿ ಅಲ್ರಿ, ಚಲೋ ಚಲೋ ಮರಿನ ಹೊಂಟಾವ. ನಿನ್ನಿ ಸಂಜಿಕ ಜಿಗಿದಾಡತಿದ್ವು."

ನನ್ನ ಸ್ಕೂಟಿಯ ಗಾಲಿಗೆ ಎರೆಮಣ್ಣು ಮೆತ್ತಿಕೊಂಡು ಅದು ಹೊಲದ ದಾರಿಯಲ್ಲೇ ನಿಂತುಬಿಟ್ಟಿತು. ಚಪ್ಪಲಿ ಕೈಯಲ್ಲಿ ಹಿಡಿದು, ಚೀಲ ಹೆಗಲಿಗೆ ಹಾಕಿ, ಕೆಸರು ತುಳಿಯುತ್ತ ಹೋದೆ. ಜಿಟಿಜಿಟಿ ಮಳೆ. ಬೇವಿನ ಮರದ ಕೆಳಗೆ ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿದ್ದರು. ಇಂಥ ದಿಢೀರ್ ಸಾವಿನಲ್ಲಿ ಹೆಣ ಕೆಡುವ ವೇಗ ನೋಡಿದವರಿಗೇ ಗೊತ್ತು. ಹಿಂದಿನ ರಾತ್ರಿ ಸತ್ತವುಗಳ ಹೊಟ್ಟೆ ಆಗಲೇ ಡೊಳ್ಳಿನಂತೆ ಉಬ್ಬಿತ್ತು, ಚರ್ಮ ನೀಲಿಗಟ್ಟಿತ್ತು, ಮುಟ್ಟಿದರೆ ಉಣ್ಣೆ ಕೈಗೆ ಕಿತ್ತು ಬರುತ್ತಿತ್ತು. ಮೂಗಿನಿಂದ ಕೆಂಪು ನೊರೆ. ನೊಣಗಳ ಮೊರೆತ ಬಾವಿಯವರೆಗೂ ಕೇಳುತ್ತಿತ್ತು.

ಸುತ್ತ ಊರೇ ನೆರೆದಿತ್ತು. ಎಲ್ಲರ ಮೂಗಿಗೂ ಟವೆಲ್ಲು. ಆದರೆ ಯಾರೂ ಕುರಿ ನೋಡುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸನ್ನು ಕೂಡಿಸಿ, ಎದ್ದು ಹೋಗದಂತೆ ಇಬ್ಬರು ಕಾವಲು ನಿಂತಿದ್ದರು. ಎಲ್ಲರೂ ಅವಳನ್ನು ನೋಡುತ್ತಿದ್ದರು.

ಅವಳು ಕಮಲಾ. ಸಾವಕಾರರ ಹೊಲದಲ್ಲೇ ಕೂಲಿ ಮಾಡುವವಳು. ಅವಳ ಮನೆಯವರು ಬೌದ್ಧರು. ಅವಳ ಮಾವನ ಕಾಲದಲ್ಲೇ ಸತ್ತ ದನ ಎಳೆಯುವ ಕೆಲಸ ಬಿಟ್ಟುಬಿಟ್ಟಿದ್ದರು. ಬಾಗಿಲ ಮೇಲೆ ಬುದ್ಧನ ಪಟ ಹಾಕಿದ ದಿನವೇ "ಇನ್ನ ನಮ್ಮ ಮನಿಯಾವ್ರು ಹೆಣಾ ಮುಟ್ಟಂಗಿಲ್ಲ" ಎಂದು ಆ ಮುದುಕ ಊರ ನಡುವೆ ನಿಂತು ಹೇಳಿದ್ದನಂತೆ. ಊರು ಅದನ್ನು ಇನ್ನೂ ಜೀರ್ಣಿಸಿಕೊಂಡಿರಲಿಲ್ಲ. ಹಿಂದಿನ ವರ್ಷ ಸಾವಕಾರರ ಎಮ್ಮೆ ಕೊಟ್ಟಿಗೆಯಲ್ಲಿ ಸತ್ತಾಗ ಹೇಳಿಕಳಿಸಿದರೂ ಆ ಕೇರಿಯಿಂದ ಯಾರೂ ಬರಲಿಲ್ಲ ಎಂಬ ಕಥೆ ನನ್ನ ಕಿವಿಗೂ ಬಿದ್ದಿತ್ತು.

"ಏನಾಗೇತ್ರಿ?" ಎಂದು ಕೇಳಿದೆ.

ಸಾವಕಾರರು ಮುಂದೆ ಬಂದರು. ಹಣೆತುಂಬ ವಿಭೂತಿ, ಬಿಳಿ ಅಂಗಿ, ಮೂಗಿಗೆ ಅತ್ತರು ಹಾಕಿದ ಕರವಸ್ತ್ರ. "ಆಗೂದೇನ್ರಿ? ಬಾಜೂ ಹೊಲದಾಗ ಎಣ್ಣಿ ಹೊಡಿಯಾಕ ಇಕಿನ ನೀರ ಹೊತ್ತಾಳ. ಎಣ್ಣಿ ಕಲಿಸಿದ ಅದ ಕೊಡದಿಂದ ಕುರಿ ದೋಣಿಗೂ ನೀರ ಸುರದಾಳ. ಬೇಕಂತ ಮಾಡ್ಯಾಳೋ, ಬುದ್ಧಿ ಇಲ್ಲದ ಮಾಡ್ಯಾಳೋ, ಪೊಲೀಸರ ಕೇಳ್ಲಿ."

ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ, ದೋಣಿ ಎಂದರೆ ಕುರಿ ನೀರು ಕುಡಿಯುವ ತೊಟ್ಟಿ. ಅವರು ಇದನ್ನು ಹೇಳಿದ್ದು ಗಟ್ಟಿ ದನಿಯಲ್ಲಿ, ರಸ್ತೆಯಲ್ಲಿ ಹೋಗುವವರಿಗೂ ಕೇಳುವ ಹಾಗೆ. ಆ ಮಾತಿಗೆ ಊರಿನ ತಲೆಗಳೆಲ್ಲ ಹೌದು ಹೌದು ಎಂದು ಆಡಿದವು. ಒಬ್ಬ, "ಹೆಣಾ ಎಳಿಯಂದ್ರ ಎಳಿಯಂಗಿಲ್ಲ, ಹೆಣಾ ಮಾಡಂದ್ರ ಮಾಡತಾರ," ಎಂದ. ಕೆಲವರು ನಕ್ಕರು. ಥೂ. ಕೊಳೆತ ಕುರಿಯ ಪಕ್ಕದಲ್ಲಿ ನಿಂತು ನನಗೆ ಬಾರದ ವಾಕರಿಕೆ ಆ ನಗುವಿಗೆ ಬಂತು.

ಕಮಲಾ ನನ್ನ ಕಡೆ ನೋಡಿದಳು. ಅಳುತ್ತಿರಲಿಲ್ಲ. "ಬಾಯಾರ, ಎಣ್ಣಿ ಕೊಡ ಬ್ಯಾರೆ, ಕುರಿ ಕೊಡ ಬ್ಯಾರೆ. ಎರಡೂ ಅಲ್ಲೇ ಅದಾವ, ಮೂಸಿ ನೋಡ್ರಿ. ನನ್ನ ಹೆಸರ ಹಿಂಗ ಹೊಲಸ ಮಾಡಿ ಇಟ್ರ ನಾಳೆ ನನ್ನ ಯಾರ ಕರೀತಾರ್ರಿ ಕೆಲಸಕ್ಕ? ನನ್ನ ಮಗಳ ಸಾಲ್ಯಾಗ ಏನ ಕೇಳಬೇಕ್ರಿ ಆಕಿ?"

ಅಷ್ಟರಲ್ಲಿ ಬಲೆಯೊಳಗೆ ಇನ್ನೊಂದು ಮರಿ ದಪ್ಪನೆ ಬಿತ್ತು. ದಷ್ಟಪುಷ್ಟ ಮರಿ. ಕುತ್ತಿಗೆ ಹಿಂದಕ್ಕೆ ಬಿಲ್ಲಿನಂತೆ ಬಾಗಿತು, ಕಾಲು ಗಾಳಿಯಲ್ಲಿ ಈಜಿದವು, ಹಲ್ಲು ಕಡಿಯುವ ಸದ್ದು. ಲಕ್ಕಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಯಪ್ಪಾ, ಯಪ್ಪಾ" ಎನ್ನುತ್ತಿದ್ದ. ನಾನು ಸೂಜಿಗೆ ಔಷಧ ಏರಿಸುವಷ್ಟರಲ್ಲಿ ಅದು ಹೋಗಿಬಿಟ್ಟಿತು.

"ಲಕ್ಕಪ್ಪ, ಇದನ್ನ ಈಗ, ಇಲ್ಲೇ ಕೊಯ್ಯತೇನಿ. ಬಿಸಿ ಇರೂವಾಗನ ಕೊಯ್ದ್ರ ಖರೆ ಗೊತ್ತಾಕ್ಕೈತಿ," ಎಂದೆ. ಲಕ್ಕಪ್ಪ ತಲೆಯಾಡಿಸಿದ. ಸಾವಕಾರರಿಗೆ ಸರಿ ಬರಲಿಲ್ಲ. "ಇಲ್ಲ್ಯಾಕ್ರಿ ಬಾಯಾರ, ಹೊಲದಾಗ? ಪ್ಯಾಟಿಗೆ ಒಯ್ದ ಮಾಡ್ರಿ," ಎಂದರು. "ಇಲ್ಲೇ ಮಾಡತೇನ್ರಿ. ನೀವೂ ನೋಡ್ರಿ, ಮಂದಿನೂ ನೋಡ್ಲಿ," ಎಂದು ಗೋಣಿಚೀಲ ಹಾಸಿ ಕೂತೆ. ಕಮಲಾಳನ್ನೂ ಕರೆದು ಎದುರಿಗೆ ಕೂಡಿಸಿಕೊಂಡೆ. ಕಾವಲಿದ್ದವರು ಏನೋ ಗೊಣಗಿದರು. "ಸರೀರಿ ಅತ್ಲಾಗ," ಎಂದೆ ನಾನು, ಕೈಯಲ್ಲಿ ಚೂರಿ ಇತ್ತು, ಸರಿದರು.

ಕೊಯ್ದೆ. ಹೃದಯದ ಚೀಲದಲ್ಲಿ ಹಳದಿ ನೀರು, ಅದರಲ್ಲಿ ಗಂಜಿಯಂಥ ಗಡ್ಡೆ. ಸಣ್ಣ ಕರುಳು ಅಲ್ಲಲ್ಲಿ ಕೆಂಪೇರಿ ಗಾಳಿ ತುಂಬಿ ಉಬ್ಬಿತ್ತು. ಮೂತ್ರಕೋಶದಿಂದ ಒಂದು ಹನಿ ತೆಗೆದು ಸಕ್ಕರೆ ಪರೀಕ್ಷಿಸುವ ಪಟ್ಟಿಗೆ ಹಾಕಿದೆ. ಬಣ್ಣ ಕಡುವಾಗುತ್ತ ಹೋಯಿತು. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಬರುವ ಹಾಗೆ. ನನಗೆ ಉತ್ತರ ಅಲ್ಲೇ ಸಿಕ್ಕಿತ್ತು: ಕರುಳುಬೇನೆ. ಆದರೆ ಆ ಪಟ್ಟಿಯ ಬಣ್ಣ ನೋಡಿ ಆ ಜನ ನಂಬುವವರಲ್ಲ. ಅವರಿಗೆ ಕಣ್ಣಿಗೆ ಕಾಣುವುದು ಬೇಕು. ಹಾಗಾಗಿ ದೊಡ್ಡ ಹೊಟ್ಟೆಗೆ ಚೂರಿ ಹಾಕಿ ಈ ತುದಿಯಿಂದ ಆ ತುದಿಗೆ ಎಳೆದೆ.

ಹಳದಿ ಕಾಳು ಸುರಿಯಿತು. ಹುಲ್ಲಿಲ್ಲ, ಸೊಪ್ಪಿಲ್ಲ. ನೆನೆದು ಊದಿದ, ಮೊಳಕೆಯ ಬಾಲ ಬಂದ ಗೋವಿನಜೋಳ, ಬೊಗಸೆ ಬೊಗಸೆಯಾಗಿ, ಗೋಣಿಯ ಮೇಲೆ, ನನ್ನ ಕಾಲ ಮೇಲೆ. ಹಿಂದೆಯೇ ಆ ವಾಸನೆ: ಹುಳಿ, ಬಿಸಿ, ಕಳ್ಳಿನ ಗಡಿಗೆ ಒಡೆದ ಹಾಗೆ. ಮುಂದಿನ ಸಾಲಿನವರು ಹಿಂದೆ ಸರಿದು ಹಿಂದಿನವರ ಕಾಲು ತುಳಿದರು. ಒಬ್ಬ ಬದುವಿಗೆ ಓಡಿ ವಾಂತಿ ಮಾಡಿದ.

"ಎಣ್ಣಿ ವಾಸನಿ ಬರತೈತೇನ್ರಿ? ಯಾರಿಗರ ಬರತೈತೇನ? ಬಂದ ಮೂಸ್ರಿ," ಎಂದೆ.

ಯಾರೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಹೊಲದ ಮೂಲೆಯಲ್ಲಿ ತಾಡಪತ್ರಿ ಹೊದಿಸಿದ ರಾಶಿ ಎಲ್ಲರ ಕಣ್ಣೆದುರಿಗಿತ್ತು. ಅದರ ಒಂದು ಬದಿ ತೆರೆದಿತ್ತು, ಅಲ್ಲಿಂದ ಬಲೆಯವರೆಗೆ ಕಾಳು ಚೆಲ್ಲಿದ ಗುರುತಿತ್ತು. ಎಲ್ಲರೂ ಒಮ್ಮೆ ರಾಶಿಯ ಕಡೆ ನೋಡಿ, ಆಮೇಲೆ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡರು. ಸಾವಕಾರರ ಹೆಸರನ್ನು ನಾನು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರೇ ಬಾಯಿಬಿಟ್ಟರು.

"ಮಳಿಗೆ ತೊಯ್ದಿತ್ರಿ ಗೋಂಜಾಳ. ಯಾರೂ ತಗೊಳ್ಳಾಕ ತಯಾರಿದ್ದಿಲ್ಲ. ಅನ್ನಾನ ತಿಪ್ಪಿಗೆ ಚೆಲ್ಲಾಕ ಬರತೈತೇನ್ರಿ? ಮೂಕಜೀವ ಉಣ್ಣಲಿ ಅಂತ ನಾನ ಹಾಕಿಸೇನಿ. ಕುರುಬರಿಗೆ ಅಷ್ಟ ದಾಸೋಹ ಯಾಕ, ಕುರಿಗೂ ಆಗಲಿ ಅಂತ. ನಮ್ಮ ಧರ್ಮದ ಕಾಳ ತಿಂದು ಸಾಯತಾವೇನ್ರಿ? ಏನ ಮಾತಾಡತೀರಿ?"

ಲಕ್ಕಪ್ಪನ ಕಡೆ ತಿರುಗಿದೆ. "ನೀ ಯಾಕ ತಿನ್ನಾಕ ಬಿಟ್ಟೆಪಾ?"

"ಸಾವಕಾರ್ರು ಪ್ರೀತೀಲೆ ಹಾಕಿಸಿದ್ರಿ. ಬ್ಯಾಡ ಅನ್ನಾಕ ಹೆಂಗ ಬರತೈತ್ರಿ?" ಎಂದ ಅವನು. ಅದೂ ಖರೆಯೇ. ಹೊಲದ ಒಡೆಯ ಕೈಯೆತ್ತಿ ಕೊಟ್ಟದ್ದನ್ನು ಬೇಡ ಎನ್ನುವ ಕುರಿಗಾರ ಆ ಸೀಮೆಯಲ್ಲಿ ಹುಟ್ಟಿಲ್ಲ.

ಕೈ ರಕ್ತವಾಗಿತ್ತು, ಸಿಟ್ಟು ನೆತ್ತಿಗೇರಿತ್ತು, ಆದರೂ ಬಿಡಿಸಿ ಹೇಳಿದೆ. ಪುಸ್ತಕದ ಮಾತಿನಲ್ಲಲ್ಲ. "ಈ ರೋಗದ ಹುಳಾ ಎಲ್ಲಾ ಕುರಿ ಕರುಳಿನಾಗೂ ಯಾವಾಗಲೂ ಇರತಾವ್ರಿ, ಸ್ವಲ್ಪ ಸ್ವಲ್ಪ. ಕರುಳಿನ ಗ್ವಾಡಿಯಾಗ ಸಣ್ಣ ಸಣ್ಣ ಕಣ ಅದಾವ. ಕೆಲವು ಲೋಳಿ ಹಾಸತಾವ, ಕೆಲವು ಹುಳಾ ಕೊಲ್ಲೂ ರಸಾ ಬಿಡತಾವ. ದಿನದ ಹುಲ್ಲಿನ ಮ್ಯಾಲೆ ಅವು ಕಾದುಕೊಂಡು ಹೋಕ್ಕಾವ. ನೀವು ಒಮ್ಮೆಲೆ ಇಷ್ಟ ಕಾಳ ಸುರದ್ರ ದೊಡ್ಡ ಹೊಟ್ಟಿಗೆ ಅರಗಂಗಿಲ್ಲ, ಹಸೇ ಹಿಟ್ಟ ಸಣ್ಣ ಕರುಳಿಗೆ ಇಳೀತೈತಿ. ಹುಳಕ್ಕ ಹಬ್ಬ ಅದು. ಒಂದಕ್ಕ ಲಕ್ಷ ಆಕ್ಕಾವ. ಅವು ಮಾಡೂ ವಿಷದ ಮುಂದ ಆ ಕಣಗಳ ಲೋಳೀನೂ ಸಾಲಂಗಿಲ್ಲ, ರಸಾನೂ ಸಾಲಂಗಿಲ್ಲ. ಗ್ವಾಡಿ ಸೋರಿ ವಿಷ ರಕ್ತಕ್ಕ ಹೋಕ್ಕೈತಿ, ತಲಿಗೆ ಏರತೈತಿ. ಹೆಚ್ಚ ತಿಂದಿದ್ದ ಮೊದಲ ಸಾಯತೈತಿ. ಅದಕ್ಕ ಚಲೋ ಚಲೋ ಮರಿನ ಹೋಗ್ಯಾವ."

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರೇ ಹೇಳಿಟ್ಟಿದ್ದಾರೆ. ಗಾದೆ ಬಲ್ಲ ಮುದುಕರು ಅಲ್ಲಿ ಐದಾರು ಜನ ಇದ್ದರು. ಎಲ್ಲರೂ ಟವೆಲ್ಲನ್ನು ಮೂಗಿಗೆ ಇನ್ನೊಂದು ಸುತ್ತು ಬಿಗಿದುಕೊಂಡರು.

ಕಾಳು ಬಂದ್ ಮಾಡಿಸಿದೆ. ಕೂಡಲೇ ಹಿಂಡನ್ನು ಒಣಹುಲ್ಲಿಗೆ ಹಾಕಿಸಿ, ಉಳಿದವಕ್ಕೆಲ್ಲ ಔಷಧ ಕುಡಿಸಿ, ಕರುಳುಬೇನೆಯ ಲಸಿಕೆ ತರಿಸಿ ಚುಚ್ಚಿದೆ. ತಿರುಗಾಟದಲ್ಲಿದ್ದ ಹಿಂಡಾದ್ದರಿಂದ ಮಳೆಗಾಲಕ್ಕೆ ಮುಂಚಿನ ಲಸಿಕೆ ತಪ್ಪಿಹೋಗಿತ್ತು. ಸಂಜೆಗೆ ಇನ್ನೂ ಕೆಲವು ಹೋದವು. ಮರುದಿನ ಸಾವು ನಿಂತಿತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬಾವಿಯೂ ಅದೇ, ದೋಣಿಯೂ ಅದೇ, ಕಮಲಾ ತುಂಬಿದ ನೀರೂ ಅದೇ. ನಿಂತದ್ದು ಕಾಳು ಮಾತ್ರ.

ಆ ಮರಿಯ ಕರುಳಿನ ಒಂದು ತುಂಡನ್ನು ನಾನು ಔಷಧದ ಬಾಟಲಿಗೆ ಹಾಕಿಕೊಂಡು ಬಂದಿದ್ದೆ. ರೋಗ ಪತ್ತೆಗೆ ಅದು ಬೇಕಾಗಿರಲಿಲ್ಲ, ನನ್ನ ಹುಚ್ಚಿಗೆ ಬೇಕಾಗಿತ್ತು. ಆಮೇಲೆ ಗಾಜಿನ ಪಟ್ಟಿಯ ಮೇಲೆ ನೋಡಿದೆ. ಬಟ್ಟಲು ಕೋಶಗಳೆಲ್ಲ ಬರಿದು; ಇದ್ದ ಲೋಳೆಯನ್ನೆಲ್ಲ ಸುರಿದು ಸುಕ್ಕಾಗಿದ್ದವು. ಕುಣಿಯ ತಳದಲ್ಲಿ ಪ್ಯಾನೆತ್ ಕೋಶಗಳ ಒಡಲಲ್ಲಿ ಕೆಂಪು ಕಾಳು ಹುಡುಕಿದರೆ ಒಂದೊಂದು. ಗೋಡೆ ಅಲ್ಲಲ್ಲಿ ಕಳಚಿತ್ತು. ಇದ್ದುದನ್ನೆಲ್ಲ ಕೊಟ್ಟು ಸೋತ ಗೋಡೆ ಅದು. ಅದರ ಮೇಲೆ ನನಗೆ ಅಯ್ಯೋ ಎನಿಸಿತು. ಕುರಿಯ ಮೇಲೆ ಎನಿಸಿತು, ಲಕ್ಕಪ್ಪನ ಮೇಲೆ ಎನಿಸಿತು. ಊರಿನ ಮೇಲೆ ಮಾತ್ರ ಈಗಲೂ ಎನಿಸುವುದಿಲ್ಲ.

ಯಾಕೆಂದರೆ ಆ ದಿನ ಹೊಟ್ಟೆ ಕೊಯ್ದು ತೋರಿಸಿದ ಮೇಲೂ ಕಮಲಾಳಿಗೆ ಯಾರೊಬ್ಬರೂ ಒಂದು ಮಾತು ಆಡಲಿಲ್ಲ. ಕಾವಲಿದ್ದ ಇಬ್ಬರು ಬೀಡಿ ಹಚ್ಚಿಕೊಂಡು ಹೊರಟುಹೋದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎನ್ನುತ್ತಾರೆ. ಉಪಕಾರದ ಮಾತು ಹಾಳಾಗಲಿ, ಮಾಡಿದ ಅಪಕಾರವನ್ನಾದರೂ ಅರಿಯಬೇಡವೇ? ಅದರ ಮೇಲೆ, ಹೆದ್ದಾರಿಯ ಕಡೆಯಿಂದ ಒಂದು ಟೆಂಪೋ ಬಂತು. ಸತ್ತ ಕುರಿ ಅಗ್ಗಕ್ಕೆ ಎತ್ತಿಕೊಂಡು ಹೋಗುವವರದು. ಎಲ್ಲಿಗೆ ಒಯ್ಯುತ್ತಾರೆ, ಯಾರ ತಟ್ಟೆಗೆ ಹಾಕುತ್ತಾರೆ, ದೇವರಿಗೇ ಗೊತ್ತು. ಟೆಂಪೋದವನು ಉಬ್ಬಿದ ಹೆಣವನ್ನು ಕಾಲಿನಿಂದ ಒತ್ತಿ ನೋಡಿ, "ಮಸಾಲಿ ಜೋರ ಹಾಕಿದ್ರ ಏನೂ ಗೊತ್ತಾಗಂಗಿಲ್ಲ ಬಿಡ್ರಿ," ಎಂದ. ಸಾವಕಾರರು, ಮಾಂಸದ ಹೆಸರು ಎತ್ತಿದರೆ ಮೈಲು ದೂರ ಸರಿಯುವವರು, "ಒಯ್ಲಿ ಬಿಡ್ರಿ ಬಾಯಾರ, ಹೊಲಾ ಸ್ವಚ್ಛ ಆಕ್ಕೈತಿ," ಎಂದರು. ತಮ್ಮ ಹೊಲ ಸ್ವಚ್ಛವಾದರೆ ಸಾಕು, ಇನ್ನೊಬ್ಬನ ಹೊಟ್ಟೆ ಏನಾದರೇನು! ನಾನು ರಕ್ತದ ಕೈಯಲ್ಲೇ ಫೋನು ಹಿಡಿದು ಟೆಂಪೋದ ನಂಬರು ಓದತೊಡಗಿದೆ. ಗಾಡಿ ಹಿಂದೆ ಹಿಂದೆಯೇ ರಸ್ತೆ ಮುಟ್ಟಿತು.

"ಹೂಳಬೇಕ್ರಿ. ಆಳ ಕುಣಿ ತಗದು, ಸುಣ್ಣಾ ಹಾಕಿ ಹೂಳಬೇಕು. ಹಳ್ಳದಾಗ ಒಗದ್ರ, ಬದುವಿಗೆ ಚೆಲ್ಲಿದ್ರ ನಾ ಸುಮ್ಮನ ಇರಂಗಿಲ್ಲ," ಎಂದು ಸಾವಕಾರರಿಗೆ ಹೇಳಿದೆ.

ಆಗ ಅವರು ಗೋಣಿಯ ಪಕ್ಕ ಇನ್ನೂ ಕೂತಿದ್ದ ಕಮಲಾಳ ಕಡೆ ತಿರುಗಿದರು. ಏನೂ ನಡೆದೇ ಇಲ್ಲ ಎಂಬ ದನಿ. "ಏ ಕಮಲಾ, ಆದದ್ದ ಆತು, ಏಳು. ನಿಮ್ಮ ಮಂದಿನ ಒಂದ ನಾಕ ಜನಾ ಕರಕೊಂಡ ಬಾ. ಇವನ್ನ ಎಳದ ಹೂಳ್ರಿ. ನಾಳೆಯಿಂದ ಕೆಲಸಕ್ಕೂ ಬಾ."

ಕಮಲಾ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಪ್ಪಿಬಿಟ್ಟಳೇನೋ ಎಂದುಕೊಂಡೆ.

"ಯಾರ ಕಾಳ ತಿಂದ ಸತ್ತಾವೋ ಅವರ ಹೂಳ್ರಿ," ಎಂದಳು. ಎಂದು, ಕೊಡ ಎರಡನ್ನೂ ಅಲ್ಲೇ ಬಿಟ್ಟು, ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಮನೆಗೆ ಹೋದಳು.

ಮುಂದಿನದು ಹೇಸಿಗೆಯಲ್ಲೇ ಹೇಸಿಗೆ. ಮರುದಿನ ಸಾವಕಾರರು ಜೆಸಿಬಿ ತರಿಸಿದರು. ಮಳೆಗೆ ನೆನೆದ ಎರೆಹೊಲ. ಜೆಸಿಬಿ ಬದು ದಾಟುವುದರೊಳಗೆ ಅಚ್ಚಿನವರೆಗೆ ಹೂತು, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರು ಬೇಕಾಯಿತು. ಕೂಲಿಯವರಿಗೆ ಹೇಳಿಕಳಿಸಿದರು. ಸಾವಕಾರರದೇ ಕೇರಿಯ, ಅವರದೇ ಮಠಕ್ಕೆ ನಡೆದುಕೊಳ್ಳುವ ಹುಡುಗರು ಮರದ ತನಕ ಬಂದು, ಮೂಗು ಹಿಡಿದು, "ನಮಗ ಆಗಂಗಿಲ್ರಿ ಕಾಕಾ," ಎಂದು ತಿರುಗಿ ಹೋದರು. ನಿನ್ನೆ ಕಮಲಾಳನ್ನು ಕಾದವರೂ ಅವರಲ್ಲಿದ್ದರು. ನಾತಕ್ಕೆ ಪಕ್ಕದ ತೋಟದ ಮನೆಯವರು ಬಾಗಿಲು ಹಾಕಿಕೊಂಡರು. ಮಳೆ ನಿಂತು ಬಿಸಿಲು ಬಿದ್ದದ್ದೇ ಒಂದು ಹೆಣ ಸಿಡಿದು, ಅದರ ನೀರು ಬಾವಿಯ ಕಡೆ ಹರಿಯತೊಡಗಿತು. ಬಾವಿ ಕೆಟ್ಟರೆ ಸಾವಕಾರರ ಮನೆಯ ಕುಡಿಯುವ ನೀರೇ ಕೆಟ್ಟಂತೆ.

ಮಧ್ಯಾಹ್ನ ನಾನು ಹಿಂಡು ನೋಡಲು ಹೋದಾಗ ಗುರುಸಿದ್ದಪ್ಪ ಸಾವಕಾರರು ಸ್ವತಃ ಸಲಿಕೆ ಹಿಡಿದು ಕುಣಿಯೊಳಗೆ ನಿಂತಿದ್ದರು. ಬಿಳಿ ಅಂಗಿ ಕಳಚಿ ಮರಕ್ಕೆ ತೂಗುಹಾಕಿದ್ದರು. ಟವೆಲ್ಲನ್ನು ಮೂಗಿಗೆ ಎರಡು ಸುತ್ತು ಸುತ್ತಿದ್ದರು. ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಲಕ್ಕಪ್ಪ ಇನ್ನೊಂದು ಬದಿಗೆ ಅಗೆಯುತ್ತಿದ್ದ. ನಾನೂ ಕೈಗವಸು ಹಾಕಿಕೊಂಡು ಒಂದು ಕುರಿಯ ಕಾಲು ಹಿಡಿದೆ. ಸಾವಕಾರರು ಅದರ ಇನ್ನೊಂದು ಕಾಲು ಹಿಡಿದು ಎಳೆದರು. ಚರ್ಮ ಜಾರಿ ಅವರ ಕೈಯಲ್ಲೇ ಬಂತು. ಅದನ್ನು ನೋಡಿದರು, ಟವೆಲ್ಲು ಕಿತ್ತು ಬದುವಿನ ಮೇಲೆ ಕೈಯೂರಿ ವಾಂತಿ ಮಾಡಿದರು. ಹೊಟ್ಟೆಯಲ್ಲಿದ್ದುದೆಲ್ಲ ಹೋಗಿ ಬರೀ ಹಳದಿ ಪಿತ್ತ ಬರುವವರೆಗೂ ಮಾಡಿದರು. ನನಗೆ ಮರುಕ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ.

ಅವರು ತಲೆ ಎತ್ತಿದಾಗ ಬೇವಿನ ಮರದ ನೆರಳಿನಲ್ಲಿ ಕಮಲಾ ನಿಂತಿದ್ದಳು. ಬಿಟ್ಟು ಹೋಗಿದ್ದ ಕೊಡಗಳನ್ನು ಒಯ್ಯಲು ಬಂದಿದ್ದಳು. ಹಿಂದೆ ರಸ್ತೆಯ ಮೇಲೆ, ನಾತ ಬಾರದಷ್ಟು ದೂರದಲ್ಲಿ, ನಿನ್ನೆಯ ಜನವೇ ತಮಾಷೆ ನೋಡಲು ಮತ್ತೆ ಸೇರಿತ್ತು.

ಸಾವಕಾರರು ಬಾಯಿ ಒರೆಸಿಕೊಂಡರು. ಅವಳ ಕಡೆ ತಿರುಗಿದರು. ಆಮೇಲೆ ಕುಣಿಯೊಳಗಿಂದಲೇ, ತನಗೇ ಹೇಳಿಕೊಳ್ಳುವಂತೆ ಮೆಲ್ಲಗೆ, "ತಪ್ಪ ನಂದ ಐತವಾ. ನೀ ಏನೂ ಮಾಡಿಲ್ಲ," ಎಂದರು.

"ಜೋರಾಗಿ ಅನ್ರಿ," ಎಂದಳು ಕಮಲಾ. "ನಿನ್ನಿ ಜೋರಾಗಿ ಅಂದಿದ್ರಿ."

ಲಕ್ಕಪ್ಪನ ಸಲಿಕೆ ನಿಂತಿತು. ಸಾವಕಾರರ ಕುತ್ತಿಗೆಯ ನರ ಉಬ್ಬಿತು. ಸಿಟ್ಟಿಗೋ, ಮತ್ತೊಂದು ವಾಂತಿಗೋ ನನಗೆ ತಿಳಿಯಲಿಲ್ಲ. ಅವರು ರಸ್ತೆಯ ಕಡೆ ತಿರುಗಿ, ಗಂಟಲು ಒಡೆಯುವಂತೆ ಕೂಗಿದರು. "ಕಮಲಾ ಏನೂ ಮಾಡಿಲ್ಲಪಾ! ಕುರಿ ಸತ್ತಿದ್ದು ನನ್ನ ಕಾಳಿಗೆ! ನನ್ನ ಕಾಳಿಗೆ ಸತ್ತಾವ!"

ರಸ್ತೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಲಾ ಎರಡೂ ಕೊಡ ಎತ್ತಿ ಒಂದನ್ನು ಸೊಂಟಕ್ಕೆ, ಒಂದನ್ನು ಕೈಗೆ ತೆಗೆದುಕೊಂಡಳು. ಹೊರಡುವ ಮುನ್ನ ಕುಣಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದಳು.

"ಇನ್ನೂ ಆಳ ತಗೀರಿ ಸಾವಕಾರ್ರ," ಎಂದಳು. "ಇಷ್ಟಕ್ಕ ನಾಯಿ ಕೆದರತಾವ."